ಉತ್ತರದ ಬಾಗಿಲು

ಆ ಶನಿವಾರ ಬೆಳಿಗ್ಗೆ ಎದ್ದಾಗಿನಿಂದ ಹೆಸ್ಟರ್ ಪೆನ್‌ಫೋಲ್ಡಳಿಗೆ ಯಾರಿಗಾದರೂ ಹೊಡೆಯಬೇಕು ಅನ್ನಿಸುತ್ತಿತ್ತು. ಇಂಥವರಿಗೇ ಅಂತಲ್ಲ. ಮೊಟ್ಟೆ ಬೇಯಿಸುವಾಗ ಚಿಪ್ಪು ಬಿರಿದು ಒಳಗಿನ ಬಿಳಿಯೆಲ್ಲ ನೀರಿನ ಮೇಲೆ ನೊರೆಯಾಗಿ ಎದ್ದಿತು. ಅವಳು ಚಮಚವನ್ನು ಎತ್ತಿ ಸಿಂಕಿನೊಳಕ್ಕೆ ಎಸೆದಳು. ಅದರ ಸದ್ದಿಗೆ ತಾನೇ ಬೆಚ್ಚಿ, ಪಕ್ಕದವರಿಗೆ ಕೇಳಿಸಿತೇನೋ ಎಂದು ಗೋಡೆಯ ಕಡೆ ನೋಡಿದಳು. ಅರವತ್ತೆರಡು ವರ್ಷದ ವಿಧವೆ, ಊರಿಗೆ ಊರೇ ದನಿ ತಗ್ಗಿಸಿ ಮಾತಾಡಿಸುವ ಹೆಂಗಸು, ಚಮಚ ಎಸೆಯುವುದುಂಟೇ. ಆರು ವಾರದಿಂದ ಹೀಗೆಯೇ ಇತ್ತು. ಆರು ವಾರದ ಹಿಂದೆ ಒಂದು ಸರಕಾರಿ ಲಕೋಟೆ ಬಂದಿತ್ತು. ಒಳಗೆ ಒಂದೇ ಹಾಳೆ, ತುಂಬ ಸಭ್ಯವಾದ ಭಾಷೆ. ತಮ್ಮ ತಂಗಿ ರೋವೀನಾ ಅವರ ಕೊಲೆಗಾಗಿ ಶಿಕ್ಷೆ ಅನುಭವಿಸುತ್ತಿದ್ದ ಆಕೆಯ ಪತಿ ಕ್ಲೈವ್ ಹಾಡ್ನೆಟ್ ಅವರನ್ನು ಇಪ್ಪತ್ತು ವರ್ಷಗಳ ನಂತರ ಷರತ್ತಿನ ಮೇಲೆ ಬಿಡುಗಡೆ ಮಾಡಲಾಗುತ್ತಿದೆ. ಅವರು ಹಾರ್ನ್‌ಬರಿ ಊರಿಗೆ ಕಾಲಿಡುವಂತಿಲ್ಲ. ತಮಗೆ ಭಯವೆನಿಸಿದರೆ ಈ ಕೆಳಗಿನ ನಂಬರಿಗೆ ಫೋನ್ ಮಾಡಬಹುದು. ಎರಡು ಸಲ ಓದಿ ಅದನ್ನು ಬ್ರೆಡ್ಡಿನ ಡಬ್ಬಿಯ ಕೆಳಗೆ ತಳ್ಳಿದ್ದಳು. ಭಯವೇನೂ ಆಗಿರಲಿಲ್ಲ. ಆದದ್ದು ಬೇರೆ ಏನೋ. ಮೈಯ ಒಳಗಡೆ ಎಲ್ಲೋ ಕೈಗೆಟುಕದ ಕಡೆ ತುರಿಸಿದ ಹಾಗೆ.

ಅಬ್ಬೆಗೆ, ಅಂದರೆ ಊರಿನ ಹಳೆಯ ಚರ್ಚಿಗೆ, ಹೋಗುವುದಕ್ಕೆ ಸಂತೆಯನ್ನು ದಾಟಿಯೇ ಹೋಗಬೇಕು. ಬೇರೆ ದಾರಿ ಇಲ್ಲವೆಂದಲ್ಲ, ಹೊಳೆಯ ದಂಡೆಗುಂಟ ಒಂದು ಕಾಲುದಾರಿ ಇದೆ. ಅದು ಒಡ್ಡಿನ ಪಕ್ಕದ, ರೋವೀನಾ ಸತ್ತ ಆ ಮನೆಯ ಮುಂದೆ ಹಾಯುತ್ತದೆ, ಹಾಗಾಗಿ ಇಪ್ಪತ್ತು ವರ್ಷದಿಂದ ಅದು ಅವಳಿಗೆ ದಾರಿಯಲ್ಲ. ಸಂತೆಯಲ್ಲಿ ಮಾಂಸದವನು ಲಾರಿಯ ಹಿಂಬದಿ ತೆರೆದು, ಮೈಕು ಹಿಡಿದು, ಹಂದಿಯ ಪಕ್ಕೆಲುಬುಗಳನ್ನು ಎರಡು ಕೈಯಲ್ಲೂ ಎತ್ತಿ ಎತ್ತಿ ತೋರಿಸಿ ಬೆಲೆ ಕೂಗುತ್ತಿದ್ದ. ಹಣ್ಣಿನವಳು ಹೆಸ್ಟರಳನ್ನು ದೂರದಿಂದಲೇ ಕಂಡು, ಬೇರೆ ಗಿರಾಕಿಯನ್ನು ಬಿಟ್ಟು, ನಿಮಗೇಂತಲೇ ಎತ್ತಿಟ್ಟಿದ್ದೆ ಎಂದು ನಾಲ್ಕು ಪೇರ್ ಹಣ್ಣುಗಳನ್ನು ಚೀಲಕ್ಕೆ ಹಾಕಿದಳು. ದುಡ್ಡು ತೆಗೆದುಕೊಳ್ಳಲಿಲ್ಲ. ಈ ಊರಿನ ಕನಿಕರ ಹೀಗೆಯೇ. ಬೇಸಗೆಯಲ್ಲಿ ಯಾರೋ ಬಲವಂತವಾಗಿ ತೊಡಿಸಿದ ಉಣ್ಣೆಯ ಕೋಟಿನಂತೆ, ಒಳಗೆ ಬೆವರಿ ನಾರಿದರೂ ಬಿಚ್ಚುವಂತಿಲ್ಲ. ಬಿಚ್ಚಿದರೆ ಕೆಳಗೇನಿದೆ ಎಂದು ಎಲ್ಲರೂ ನೋಡುತ್ತಾರೆ. ಹಣ್ಣಿನವಳು ಹೆಸ್ಟರಳ ಕುತ್ತಿಗೆಗೆ ಸುತ್ತಿದ ಸ್ಕಾರ್ಫಿನ ಕಡೆ ಒಂದು ಕ್ಷಣ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದಳು. ಅಲ್ಲಿ ಏನೂ ಇರಲಿಲ್ಲ, ಇಪ್ಪತ್ತು ವರ್ಷದ ಹಿಂದಿನ ಗೀರಿನ ಗುರುತೂ ಉಳಿದಿರಲಿಲ್ಲ. ಆದರೂ ಹೆಸ್ಟರ್ ಸ್ಕಾರ್ಫ್ ಬಿಡಲಿಲ್ಲ, ಊರವರು ಅದನ್ನು ನೋಡುವುದನ್ನು ಬಿಡಲಿಲ್ಲ.

ಅಬ್ಬೆಯೊಳಗೆ ಸುಗ್ಗಿಯ ಹಬ್ಬದ ತಯಾರಿ ನಡೆದಿತ್ತು. ಒಂದು ಕಾಲಕ್ಕೆ ಸನ್ಯಾಸಿಗಳ ಮಠ, ಈಗ ಊರಿನ ಚರ್ಚು. ನಾಳೆ ಭಾನುವಾರ ಪೀಠದ ಮೆಟ್ಟಿಲ ತುಂಬ ಕುಂಬಳ, ಸೇಬು, ಗೋಧಿಯ ತೆನೆಕಟ್ಟುಗಳನ್ನು ಇಡುತ್ತಾರೆ. ಡಿಲಿಸ್ ಆಗಲೇ ಬಂದು ಹೂವಿನ ಬಕೆಟ್ಟುಗಳ ನಡುವೆ ಮಂಡಿಯೂರಿ ಕುಳಿತಿದ್ದಳು. ಅಗಲ ಮುಖದ, ಅಗಲ ಕೈಗಳ ಹೆಂಗಸು. ರೋವೀನಾಳ ಜತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಒಡ್ಡಿನ ಪಕ್ಕದ ಮನೆ ಇವಳ ಸೋದರತ್ತೆಯದು. ಗಂಡನ ಕೈಯಿಂದ ನಾಲ್ಕನೆಯ ಸಲ ಓಡಿಬಂದ ರೋವೀನಾಳನ್ನು ಅಲ್ಲಿ ಬಚ್ಚಿಟ್ಟವಳೂ, ಆ ಗುಟ್ಟನ್ನು ಹೆಸ್ಟರಳೊಬ್ಬಳಿಗೆ ಮಾತ್ರ ಹೇಳಿದವಳೂ ಇವಳೇ. ಅಂದಿನಿಂದ ಪ್ರತಿ ಮಾರ್ಚಿನಲ್ಲಿ ಕಾರು ತಂದು ಹೆಸ್ಟರಳನ್ನು ಗೋರಿಯ ಹತ್ತಿರ ಕರೆದುಕೊಂಡು ಹೋಗುತ್ತಾಳೆ, ಹೆಸ್ಟರಳ ತೋಳು ಹಿಡಿದು ನಿಲ್ಲುತ್ತಾಳೆ. ನಿದ್ದೆ ಬಂತಾ, ಕಣ್ಣ ಕೆಳಗೆ ಕಪ್ಪಾಗಿದೆಯಲ್ಲ ಎಂದು ಈಗಲೂ ಕೇಳಿದಳು. ಬಂತು ಅಂದಳು ಹೆಸ್ಟರ್. ಡಿಲಿಸಳ ಬಾಗಿದ ಬೆನ್ನಿನ ಮೇಲೆ ಸ್ವೆಟರು ಮೇಲೆ ಸರಿದು ಚರ್ಮದ ಒಂದು ಪಟ್ಟಿ ಕಾಣುತ್ತಿತ್ತು. ಅಲ್ಲಿಗೆ ಒದೆಯಬೇಕು ಅನ್ನಿಸಿತು. ಕಾಲಿನ ಬೆರಳುಗಳು ಬೂಟಿನೊಳಗೆ ನಿಜವಾಗಿ ಬಿಗಿದುಕೊಂಡವು. ಹೆಸ್ಟರ್ ಕಪಾಟಿನಿಂದ ಟಾರ್ಚು ತೆಗೆದುಕೊಂಡು ಬಾಗಿಲ ಬಳಿ ಹೋದಳು. ಎತ್ತರದ ಚಾವಣಿಯ ಕೆತ್ತನೆಗಳನ್ನು ತೋರಿಸಲು ನೋಡಬಂದವರ ಮುಂದೆ ಅದನ್ನು ಹಿಡಿಯಬೇಕು. ಮೊಣಕೈಯುದ್ದದ ಉಕ್ಕಿನ ಟಾರ್ಚು, ಭಾರವಾದದ್ದು.

ಅಬ್ಬೆ ತೋರಿಸುವ ಹನ್ನೊಂದು ಗಂಟೆಯ ಸುತ್ತಿನಲ್ಲಿ ಎಂಟು ಜನ ಸೇರಿದ್ದರು. ಮಳೆಯಂಗಿ ತೊಟ್ಟ ನಿವೃತ್ತ ದಂಪತಿ, ಕೈಕೈ ಹಿಡಿದ ಇಬ್ಬರು ವಿದ್ಯಾರ್ಥಿಗಳು, ಅವಳಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದ ತಾಯಿ, ಕೊನೆಯಲ್ಲಿ ಬೂದು ಟೋಪಿಯ ಒಬ್ಬ ಬಾಗಿದ ಬೆನ್ನಿನ ಗಂಡಸು. ಒಂಬತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದ ಹೆಸ್ಟರಳಿಗೆ ಎಲ್ಲಿ ನಿಂತರೆ ಜನ ತಲೆಯೆತ್ತುತ್ತಾರೆ, ಯಾವ ಮಾತಿಗೆ ಉಸಿರು ಹಿಡಿಯುತ್ತಾರೆ ಎಂಬುದು ಬಾಯಿಪಾಠವಾಗಿತ್ತು. ನಡುಹಜಾರದ ಮೂರನೆಯ ಕಂಬದ ಹತ್ತಿರ ಅವರನ್ನು ನಿಲ್ಲಿಸಿ ಕಗ್ಗೊಲೆಯ ಕತೆ ಶುರುಮಾಡಿದಳು. ಐದೂವರೆ ನೂರು ವರ್ಷದ ಹಿಂದೆ ಹೊಳೆಯಾಚೆಯ ಹುಲ್ಲುಗಾವಲಿನಲ್ಲಿ ಯುದ್ಧ. ಸೋತ ಕಡೆಯ ಇನ್ನೂರು ಜನ ಓಡಿಬಂದು ಈ ಅಬ್ಬೆಯನ್ನು ಹೊಕ್ಕರು. ದೇವರ ಮನೆಗೆ ಶರಣು ಬಂದವರನ್ನು ಯಾರೂ ಮುಟ್ಟುವಂತಿಲ್ಲ, ಅರಸನೂ ಮುಟ್ಟುವಂತಿಲ್ಲ. ಮಠಾಧಿಪತಿ ಬಾಗಿಲಿಗೆ ಅಡ್ಡ ನಿಂತ. ಸಂಜೆಯ ಹೊತ್ತಿಗೆ ಗೆದ್ದವರು ಒಳಗಿದ್ದರು. ಇಲ್ಲಿಗೆ ಬಂದಾಗ ದಿನಾ ಅವಳು ದನಿ ತಗ್ಗಿಸಿ, ಮುಂದಿನದನ್ನು ನೀವೇ ಊಹಿಸಿಕೊಳ್ಳಿ ಎಂದು ಬಿಡುತ್ತಿದ್ದಳು. ಇಂದು ಬಿಡಲಿಲ್ಲ. ಕಂಬವನ್ನು ತಬ್ಬಿಕೊಂಡಿದ್ದ ಹುಡುಗರ ಬೆರಳುಗಳನ್ನು ಮೊದಲು ಕತ್ತರಿಸಿದರು ಅಂದಳು, ಕೈ ಸಡಿಲವಾಗಲಿ ಅಂತ. ಮುಖಕ್ಕೆ ಹೊಡೆಯುತ್ತಿದ್ದರು, ಯಾಕೆಂದರೆ ಎದೆಗೆ ಕವಚವಿತ್ತು, ಮುಖಕ್ಕಿರಲಿಲ್ಲ. ಮುಖ ಹೋದ ಮೇಲೆ ಯಾರು ಯಾರೆಂದು ಗೊತ್ತಾಗುವುದಿಲ್ಲ. ತಾಯಂದಿರು ಅಂಗಿಯ ಹೊಲಿಗೆ ನೋಡಿ ಗುರುತು ಹಿಡಿಯಬೇಕು. ಇದನ್ನು ಯಾವ ಪುಸ್ತಕದಲ್ಲೂ ಅವಳು ಓದಿರಲಿಲ್ಲ. ಬಿಳಿಯ ಟೈಲ್ಸಿನ ಕೋಣೆಯಲ್ಲಿ ಪೋಲೀಸಿನವನು ಬಟ್ಟೆ ಸರಿಸಿದಾಗ ಅವಳು ನೋಡಬಾರದೆಂದುಕೊಂಡದ್ದನ್ನು ನೋಡಿದ್ದಳು, ಒಲೆ ಕೆದಕುವ ಕಬ್ಬಿಣದ ಸಲಾಕೆಯ ಕೆಲಸ, ಮುಖವಿರಬೇಕಾದಲ್ಲಿ ಮುಖವಿರಲಿಲ್ಲ. ಮತ್ತೆ ಕೆಳಗೆ ನೋಡಿ, ಕಂದು ಬಣ್ಣದ ಕಾರ್ಡಿಗನ್ನಿನ ಗುಂಡಿಗಳನ್ನು ನೋಡಿ, ಹೌದು ಅಂದಿದ್ದಳು. ಆ ಕಾರ್ಡಿಗನ್ ಹೆಸ್ಟರಳದೇ. ಕೇಳದೆ ತೆಗೆದುಕೊಂಡು ಹೋಗಿದ್ದಳು ರೋವೀನಾ, ಎಲ್ಲವನ್ನೂ ಹಾಗೆಯೇ ತೆಗೆದುಕೊಂಡು ಹೋಗುತ್ತಿದ್ದಳು. ಅದಕ್ಕಾಗಿ ಎರಡು ದಿನ ಸಿಟ್ಟಿನಿಂದ ಕುದಿದಿದ್ದಳು ಹೆಸ್ಟರ್. ಗುಂಡಿಗಳನ್ನು ಹೊಲಿದದ್ದು ಅವಳೇ, ನಾಲ್ಕನೆಯದು ಮಾತ್ರ ಬೇರೆ ನಮೂನೆಯದು.

ಅವಳಿಗಳ ತಾಯಿ, ದಯವಿಟ್ಟು, ಮಕ್ಕಳಿದ್ದಾರೆ ಎಂದಳು. ಗಟ್ಟಿಯಾಗಿಯೇ ಅಂದಳು. ಮಳೆಯಂಗಿಯ ಗಂಡಸು ಕೆಮ್ಮಿ, ತನ್ನ ಹೆಂಡತಿಯ ಕಡೆ ನೋಡಿ ಹುಬ್ಬೇರಿಸಿದ. ಹೆಸ್ಟರಳ ಮುಖ ಬಿಸಿಯಾಯಿತು. ಕ್ಷಮಿಸಿ ಎಂದು ಟಾರ್ಚನ್ನು ಎತ್ತಿ ಚಾವಣಿಯ ಮೇಲಿನ ಕಲ್ಲಿನ ದೇವದೂತನಿಗೆ ಬೆಳಕು ಹಿಡಿದಳು. ಅಷ್ಟರಲ್ಲಿ ಹಿಂದಿನಿಂದ ಬೂದು ಟೋಪಿಯವನು ಕೇಳಿದ:

"ಅಷ್ಟು ಗಟ್ಟಿ ಬಾಗಿಲು ಹಾಕ್ಕೊಂಡಿದ್ರಲ್ಲ. ಒಳಗಿಂದ ತೆಗೆದೋರು ಯಾರು?"

ಮೊದಲು ದನಿ ಸಿಕ್ಕಿತು, ಆಮೇಲೆ ಮನುಷ್ಯ ಸಿಕ್ಕಿದ. ಸವೆದು, ಗೊರಗೊರ ಅನ್ನುವಂತಾಗಿದ್ದರೂ ಅದು ಅದೇ ದನಿ, ಕ್ಲೈವನ ದನಿ. ಹಾರ್ನ್‌ಬರಿಯ ದನದ ಹರಾಜುಕಟ್ಟೆಯಲ್ಲಿ ಹದಿನೈದು ವರ್ಷ ಪ್ರತಿ ಗುರುವಾರ ಬೆಲೆ ಕೂಗಿದ ದನಿ. ರೈತರು ಕೊಳ್ಳುವುದಿಲ್ಲದಿದ್ದರೂ ಆ ದನಿ ಕೇಳಲೆಂದೇ ಬಂದು ನಿಲ್ಲುತ್ತಿದ್ದರು. ಆಗ ಇವನು ಆರಡಿ ಎತ್ತರದ, ಕೆಂಪು ಕೆನ್ನೆಯ ಆಳು. ಈಗ ಕುತ್ತಿಗೆಯ ಚರ್ಮ ಕಾಲರಿನೊಳಗೆ ಜೋತುಬಿದ್ದಿತ್ತು. ಮಳೆಯಂಗಿಯ ಹೆಂಗಸು ಅವನ ಸಹಾಯಕ್ಕೆ ಬಂದು, ಪುಸ್ತಿಕೆಯ ಪುಟ ತಿರುಗಿಸಿ, ಹೌದು, ಇಲ್ಲಿದೆ ನೋಡಿ, ಉತ್ತರದ ಬಾಗಿಲಿನ ಅಗುಳಿಯನ್ನು ಒಬ್ಬ ಸನ್ಯಾಸಿಯೇ ಒಳಗಿನಿಂದ ತೆಗೆದನಂತೆ, ಅವನ ಹೆಸರು ತಿಳಿಯದಂತೆ, ನೀವು ಇದನ್ನು ಹೇಳಲೇ ಇಲ್ಲ ಎಂದು ಹೆಸ್ಟರಳನ್ನು ಮೆಲ್ಲಗೆ ಆಕ್ಷೇಪಿಸಿದಳು. ಒಂಬತ್ತು ವರ್ಷದಲ್ಲಿ ಹೆಸ್ಟರ್ ಅದನ್ನು ಯಾರಿಗೂ ಹೇಳಿರಲಿಲ್ಲ. ಅದಕ್ಕೆ ಆಧಾರವಿಲ್ಲ, ಬರೀ ಜನರ ಮಾತು ಅಂದಳು. ಅವಳ ಬಾಯಿ ತನ್ನಷ್ಟಕ್ಕೆ ನಡೆಯುತ್ತಿತ್ತು. ಗೋರಿಗಳನ್ನು ತೋರಿಸಿತು, ಬಣ್ಣದ ಕಿಟಕಿಗಳನ್ನು ತೋರಿಸಿತು, ಆರ್ಗನ್ ವಾದ್ಯದ ಕೊಳವೆಗಳು ಎಷ್ಟೆಂದು ಹೇಳಿತು. ಪ್ರತಿಯೊಂದು ನಿಲುಗಡೆಯಲ್ಲೂ ಬೂದು ಟೋಪಿ ಗುಂಪಿನ ಹಿಂದೆ, ಒಂದೇ ಅಂತರದಲ್ಲಿ ಇತ್ತು. ಓಡಬಹುದಿತ್ತು. ಡಿಲಿಸಳನ್ನು ಕೂಗಬಹುದಿತ್ತು, ಬಾಯಿ ತೆರೆದರೆ ಸಾಕು, ಸಂತೆಯ ಜನ ಒಳನುಗ್ಗಿ ಅವನನ್ನು ಹರಿದುಹಾಕುತ್ತಿದ್ದರು. ಆದರೆ ಅವರೆಲ್ಲ ಬಂದರೆ ಅವನೂ ಬಾಯಿ ತೆರೆಯುತ್ತಾನೆ.

ಇಪ್ಪತ್ತು ವರ್ಷದ ಹಿಂದೆ, ಅವತ್ತೂ ಸಂತೆಯ ದಿನ. ಚರ್ಚ್ ಬೀದಿಯಲ್ಲಿ ಅವಳದು ಉಣ್ಣೆ, ದಾರ, ಗುಂಡಿಗಳ ಅಂಗಡಿ. ಗುಂಡಿಗಳ ಒಂದು ಡಬ್ಬಿ ಚೆಲ್ಲಿ ಬೆರಕೆಯಾಗಿತ್ತು, ಬಣ್ಣಬಣ್ಣ ಬೇರೆ ಮಾಡುತ್ತ ಕೂತಿದ್ದಳು. ರೋವೀನಾ ಅದಕ್ಕೆ ಮೊದಲು ಹತ್ತು ದಿನ ಅವಳ ಮನೆಯಲ್ಲೇ ಇದ್ದಳು. ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಅಳುವುದು, ಸ್ನಾನದ ಮನೆಯಲ್ಲಿ ಸಿಗರೇಟು, ಗಂಡನ ಮೇಲೆ ಬಯ್ಗುಳ, ಸಂಜೆಯಾದರೆ ಅವನಿಗೆ ಊಟ ಯಾರು ಮಾಡಿಕೊಡುತ್ತಾರೋ ಎಂಬ ಚಿಂತೆ. ಒಡೆದ ತುಟಿ ಇಟ್ಟುಕೊಂಡು ನಗುತ್ತಿದ್ದಳು, ನಕ್ಕರೆ ತುಟಿ ಮತ್ತೆ ಬಿರಿದು ಬಟ್ಟಲಿಗೆ ರಕ್ತ ಹತ್ತುತ್ತಿತ್ತು. ಚಿಕ್ಕವಳಿದ್ದಾಗಿನಿಂದ ಮನೆಯಲ್ಲಿ ಎಲ್ಲರ ಕಣ್ಣೂ ಅವಳ ಮೇಲೆ. ನೋವಿನಲ್ಲೂ ಅವಳದೇ ಮೊದಲ ಪಾಲು. ಹೆಸ್ಟರಳ ಗಂಡ ರಾಲ್ಫ್ ಹೃದಯದ ಕಾಯಿಲೆಯವನು. ಅವನಿಗೆ ಗಲಾಟೆ ಆಗದು ಎಂದು ನೆಪ ಹೇಳಿ ತಂಗಿಯನ್ನು ಹೊರಡಿಸಿದ ಮೇಲೆ, ಡಿಲಿಸ್ ಅವಳನ್ನು ಒಡ್ಡಿನ ಮನೆಯಲ್ಲಿಟ್ಟಳು. ಮಧ್ಯಾಹ್ನ ಅಂಗಡಿಯ ಗಂಟೆ ಸದ್ದಾಯಿತು. ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಕ್ಲೈವ್ ಬಂದ. ಕೂಗಾಡಲಿಲ್ಲ. ಗಡ್ಡ ಬೋಳಿಸಿದ್ದ. ಹೆಸ್ಟರ್, ನಿಮ್ಮ ಮನೇಲಿ ತಲೆ ಸರಿ ಇರೋಳು ನೀನೊಬ್ಬಳೇ, ನಿನಗೆ ಎಲ್ಲಾ ಅರ್ಥ ಆಗತ್ತೆ ಅಂದ. ಯಾರೂ ಅವಳಿಗೆ ಅಂಥ ಮಾತು ಅಂದಿರಲಿಲ್ಲ. ನಲವತ್ತೆರಡು ವರ್ಷದಲ್ಲಿ ಒಬ್ಬರೂ ಅಂದಿರಲಿಲ್ಲ. ಮೂರು ಗಂಟೆಗೆ ಪೋಲೀಸರು ಬಂದರು. ಅವನಿಗೆ ಮನೆ ಹೇಗೆ ಗೊತ್ತಾಯಿತು ಎಂದು ಕೇಳಿದಾಗ ಪಕ್ಕದಲ್ಲೇ ಡಿಲಿಸ್ ನಿಂತಿದ್ದಳು, ಅವಳ ಅಗಲ ಮುಖ ಅತ್ತು ಅತ್ತು ಕಲಸಿಹೋಗಿತ್ತು, ಗೊತ್ತಿದ್ದದ್ದು ನಮ್ಮಿಬ್ಬರಿಗೇ ಅಲ್ಲವಾ ಹೆಸ್ಟರ್, ನಿನ್ನ ಬಿಟ್ಟರೆ ನಾನು ಅಂತಿದ್ದಳು. ಚಾಕು ಹಿಡಿದ, ಅಂದಳು ಹೆಸ್ಟರ್. ಎಲ್ಲಿಗೆ ಹಿಡಿದ ಎಂದರು. ಕುತ್ತಿಗೆಗೆ. ಒಂದು ನಿಮಿಷ ಎಂದು ಹಿಂದಿನ ಬಚ್ಚಲಿಗೆ ಹೋಗಿ, ಮುಖ ತೊಳೆದು, ಹೊರಬಂದಾಗ ಕುತ್ತಿಗೆಯ ಮೇಲೆ ಒಂದು ಕೆಂಪು ಗೀರಿತ್ತು. ನ್ಯಾಯಾಲಯದಲ್ಲಿ ಚಾಕುವೇ ಇರಲಿಲ್ಲ ಎಂದು ಅವನು ಎಷ್ಟು ಹೇಳಿದರೂ, ಚಾಕು ಸಿಗದಿದ್ದರೂ, ಯಾರೂ ಅವನನ್ನು ನಂಬಲಿಲ್ಲ. ಹೆಂಡತಿಯನ್ನು ಕೊಂದವನನ್ನು ಯಾರು ನಂಬುತ್ತಾರೆ. ಚಾಕು ಹಿಡಿದು ಹುಡುಕಿಕೊಂಡು ಹೋದವನು ಕೊಲ್ಲಲೆಂದೇ ಹೋದವನು ಎಂದು ನ್ಯಾಯಾಧೀಶ ವರ್ಷಗಳನ್ನು ಏರಿಸಿದ.

ಗುಂಪು ಚದುರಿತು. ಅವಳಿಗಳ ತಾಯಿ ಥ್ಯಾಂಕ್ಸ್ ಹೇಳದೆ ಹೋದಳು. ಹೆಸ್ಟರ್ ಉತ್ತರದ ಬಾಗಿಲ ಬಳಿಯ ಕಲ್ಲಿನ ಬೆಂಚಿನ ಹತ್ತಿರ ನಿಂತಳು, ಅವನು ಬರಲಿ ಎಂದೇ ನಿಂತಳು. ದಪ್ಪ ಕಂಬವೊಂದು ಅವರನ್ನು ಉಳಿದ ಅಬ್ಬೆಯಿಂದ ಮರೆಮಾಡಿತ್ತು. ಅದರಾಚೆ ಡಿಲಿಸ್ ಬಕೆಟ್ಟು ಎಳೆಯುವ ಸದ್ದು, ಹೊರಗೆ ಮಾಂಸದವನ ಮೈಕು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹೆದರಬೇಡ. ಏನೂ ಮಾಡೋಕೆ ಬಂದಿಲ್ಲ," ಅಂದ. "ಇಲ್ಲಿ ಕಂಡ್ರೆ ವಾಪಸ್ ಒಳಗೆ ಹಾಕ್ತಾರೆ. ಗೊತ್ತಿದ್ದೇ ಬಂದೆ."

"ಹೋಗು ಮತ್ತೆ."

"ಒಂದೇ ಮಾತು. ಚಾಕು ಇರಲಿಲ್ಲ ಅಂತ ಒಂದ್ಸಲ ಹೇಳು. ಕೋರ್ಟಿಗಲ್ಲ, ಊರಿಗಲ್ಲ. ನನ್ನ ಮುಖ ನೋಡ್ಕೊಂಡು ಹೇಳು, ಹೋಗ್ಬಿಡ್ತೀನಿ."

ಅವಳು ಅವನ ಕೈಗಳನ್ನು ನೋಡುತ್ತಿದ್ದಳು. ಮುದುಕನ ಕೈಗಳಾಗಿದ್ದವು, ಉಗುರುಗಳನ್ನು ಒಪ್ಪವಾಗಿ ಕತ್ತರಿಸಿಕೊಂಡಿದ್ದ. ಈ ಕೈಗಳು ಸಲಾಕೆಯನ್ನು ಎಷ್ಟು ಸಲ ಎತ್ತಿದವು ಎಂದು ನ್ಯಾಯಾಲಯದಲ್ಲಿ ಹೇಳಿದ್ದರು. ಸಂಖ್ಯೆಯನ್ನು ಅವಳು ಮರೆತಿರಲಿಲ್ಲ. ನೀನು ಅವಳನ್ನು ಕೊಂದೆ ಅಂದಳು. ಅವನು ತಲೆಯಾಡಿಸಿದ. ಕೊಂದೆ, ಅದನ್ನು ನಾನು ಒಂದು ದಿನವೂ ಇಲ್ಲ ಅಂದಿಲ್ಲ ಅಂದ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಮೊದಲು ಅದನ್ನೇ ಹೇಳಿಕೊಳ್ಳುತ್ತೇನೆ, ಆಮೇಲೆ ಹಲ್ಲುಜ್ಜುತ್ತೇನೆ. ಮತ್ತೆ ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸುತ್ತ, ಹರಾಜಿನ ಕೊನೆಯಲ್ಲಿ ಒಬ್ಬನೇ ಉಳಿದ ಗಿರಾಕಿಯನ್ನು ಪುಸಲಾಯಿಸುವಾಗಿನ ಹಳೆಯ ಮೆತ್ತನೆಯ ದನಿಯಲ್ಲಿ ಹೇಳಿದ:

"ಅವತ್ತು ನೀನು ನಗ್ತಾ ಹೇಳ್ದೆ, ಹೆಸ್ಟರ್. ಇಪ್ಪತ್ತು ವರ್ಷ ಅದನ್ನೇ ನೋಡ್ತಾ ಕೂತಿದ್ದೆ ನಾನು. ನಿನಗೂ ಸಾಕಾಗಿತ್ತು ಅವಳು. ಊರಲ್ಲಿ ಅವಳಿಂದ ಬೇಸತ್ತಿದ್ದು ಇಬ್ಬರೇ. ನಾನೂ ನೀನೂ. ಅದಕ್ಕೇ ನನಗೆ ನಿನ್ನ ಮೇಲೆ ಸಿಟ್ಟಿಲ್ಲ."

ಆಮೇಲೆ ಊರಿನವರೆಲ್ಲ, ಪಾಪ, ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ ಅಂದರು. ಅದು ನಿಜವಲ್ಲ. ಹೆಸ್ಟರಳಿಗೆ ಪೂರ್ತಿ ಎಚ್ಚರವಿತ್ತು. ಟಾರ್ಚನ್ನು ಬಲಗೈಯಿಂದ ತೆಗೆದು ಎರಡು ಕೈಯಲ್ಲೂ ಹಿಡಿದದ್ದು, ಉದ್ದದ ಹಿಡಿ ಕೆಳಗೆ, ಗಾಜಿನ ತಲೆ ಮೇಲೆ ಬರುವಂತೆ ತಿರುಗಿಸಿದ್ದು, ಕಾಲು ಅಗಲಿಸಿ ನಿಂತದ್ದು ಎಲ್ಲವೂ ನೆನಪಿದೆ. ಮೊದಲ ಏಟು ಅವನ ಎಡಗೆನ್ನೆಯ ಮೂಳೆಗೆ ಬಿತ್ತು. ಗಾಜು ಒಡೆಯಿತು. ಅವನು ಆಶ್ಚರ್ಯಪಟ್ಟವನಂತೆ ಬಾಯಿ ತೆರೆದ, ಕೈ ಎತ್ತಲಿಲ್ಲ. ಎರಡನೆಯದು ಕಿವಿಗೆ. ಕಿವಿ ಹರಿದು, ರಕ್ತ ಒಮ್ಮೆಗೇ ಕಾಲರಿನೊಳಕ್ಕೆ ಇಳಿಯಿತು. ಅವನು ಬೆಂಚಿನ ಮೇಲೆ ಕುಸಿದು, ಅಲ್ಲಿಂದ ನೆಲಕ್ಕೆ ಜಾರಿದ. ಅವಳು ಅವನ ಮೇಲೆ ಮಂಡಿಯೂರಿದಳು. ಎದೆಗೆ ಹೊಡೆಯಲಿಲ್ಲ. ಮುಖಕ್ಕೇ ಹೊಡೆದಳು. ಹಲ್ಲು ಮುರಿದದ್ದು ಕೈಗೆ ಗೊತ್ತಾಯಿತು, ಗಟ್ಟಿ ಮಿಠಾಯಿ ಕಡಿದಾಗ ಬಾಯಿಗೆ ಗೊತ್ತಾಗುವಂತೆ. ಒಂದು ಏಟು ತಪ್ಪಿ ಕಲ್ಲಿಗೆ ಬಡಿದು ಅವಳ ಬಲಗೈ ಉಂಗುರದ ಬೆರಳು ಟಾರ್ಚಿಗೂ ನೆಲಕ್ಕೂ ನಡುವೆ ಸಿಕ್ಕಿ ಮುರಿಯಿತು. ನೋವಾಗಲಿಲ್ಲ, ಮತ್ತೆ ಎತ್ತಿದಳು. ಆರು ವಾರದಿಂದ ಇದ್ದ ತುರಿಕೆಗೆ ಕೊನೆಗೂ ಉಗುರು ಎಟುಕಿತ್ತು. ಎಂಥ ಹಿತ. ನಾಚಿಕೆಯಾಗುವಷ್ಟು ಹಿತ. ಹೊಡೆಯುತ್ತ ಹೊಡೆಯುತ್ತ ಅವಳಿಗೆ ಒಂದು ಸಂಗತಿ ತಿಳಿಯಿತು: ಕೆಳಗೆ ಅಡಗುತ್ತಿದ್ದ ಮುಖ ಇನ್ನು ಕ್ಲೈವನದಾಗಿರಲಿಲ್ಲ. ರಕ್ತ ಮುಚ್ಚಿದ ಮೇಲೆ ಯಾರ ಮುಖವಾದರೂ ಒಂದೇ. ಅದು ತಿಂಡಿಯ ಮೇಜಿನಲ್ಲಿ ಒಡೆದ ತುಟಿಯಿಂದ ನಗುತ್ತಿದ್ದ ಮುಖವೂ ಆಗಬಹುದಿತ್ತು, ಮತ್ತು ತನ್ನ ಕೈ ಆಗಲೂ ನಿಲ್ಲುತ್ತಿರಲಿಲ್ಲ. ಅವನು ಹೇಳಿದ್ದು ಸರಿ. ಸರಿ ಹೇಳಿದ್ದಕ್ಕೇ ಅವನನ್ನು ಹೊಡೆಯುತ್ತಿದ್ದಳು.

ಯಾರೋ ಹಿಂದಿನಿಂದ ಅವಳ ಎರಡು ಕಂಕುಳಿಗೂ ಕೈಹಾಕಿ ಎತ್ತಿದರು. ಅಬ್ಬೆಯ ಕಾವಲಿನವನು. ಡಿಲಿಸ್ ಕೈಯಲ್ಲಿ ಹೂ ಕತ್ತರಿಸುವ ಕತ್ತರಿ ಹಿಡಿದುಕೊಂಡೇ ಓಡಿಬಂದಿದ್ದಳು. ನೆಲದ ಮೇಲೆ ಬಿದ್ದವನನ್ನು ಬಗ್ಗಿ ನೋಡಿ, ಗುರುತು ಸಿಕ್ಕದೆ, ನೆಲದ ಮೇಲಿನ ಟೋಪಿಯನ್ನೂ ಹೆಸ್ಟರಳನ್ನೂ ನೋಡಿದಳು. ಕ್ಲೈವ್ ಅಂದಳು ಹೆಸ್ಟರ್. ಡಿಲಿಸ್ ಅವನ ಪಕ್ಕೆಗೆ ಒಂದು ಸಲ, ಲೆಕ್ಕ ಹಾಕಿದಂತೆ, ಬೂಟುಗಾಲಿನಿಂದ ಒದ್ದಳು. ಕಾವಲಿನವನು ಕಂಡೂ ಕಾಣದಂತೆ ಆಂಬುಲೆನ್ಸಿಗೆ ಫೋನು ಮಾಡಲು ಹೋದ. ಕ್ಲೈವ್ ಬದುಕಿದ್ದ. ಸ್ಟ್ರೆಚರಿನ ಮೇಲೆ ಎತ್ತಿ ಸಂತೆಯ ನಡುವೆ ಒಯ್ಯುವಾಗ ಸುದ್ದಿ ಅವನಿಗಿಂತ ಮುಂದೆ ಹೋಗಿತ್ತು. ಯಾರೋ ಕೊಳೆತ ಹಣ್ಣು ಎಸೆದರಂತೆ. ಮಾಂಸದವನು ಮೈಕು ನಿಲ್ಲಿಸಿ, ಟೋಪಿ ತೆಗೆದು ಅಬ್ಬೆಯ ಕಡೆ ತಿರುಗಿ ಬಾಗಿದನಂತೆ, ಹೆಸ್ಟರಳಿಗಾಗಿ.

ಪಾದ್ರಿಗಳು ಉಡುಪು ಬದಲಿಸುವ ಕೋಣೆಯಲ್ಲಿ ಅವಳನ್ನು ಕೂರಿಸಿದ್ದರು. ಬಿಸಿ ಟೀ ಕೊಟ್ಟಿದ್ದರು, ಸಕ್ಕರೆ ಬೇಡವೆಂದರೂ ಮೂರು ಚಮಚ ಹಾಕಿದ್ದರು. ಎದುರಿಗೆ ಪ್ರೀಸ್ ಎಂಬ ಪೋಲೀಸಿನ ಹುಡುಗಿ, ಇಪ್ಪತ್ತೈದು ಇಪ್ಪತ್ತಾರರವಳು, ಮೊಣಕಾಲ ಮೇಲೆ ಪುಸ್ತಕವಿಟ್ಟುಕೊಂಡು ಕೂತಿದ್ದಳು. ಈ ಊರವಳೇ; ರೋವೀನಾ ಸತ್ತಾಗ ಇನ್ನೂ ಶಾಲೆಗೆ ಹೋಗುತ್ತಿದ್ದಿರಬೇಕು, ತಾಯಿ ಹೇಳಿದ ಕತೆ ಕೇಳಿ ಬೆಳೆದಿರಬೇಕು. ಕಣ್ಣಲ್ಲಿ ಆಗಲೇ ಆ ಕನಿಕರ. ಡಿಲಿಸ್ ಪಕ್ಕದ ಕುರ್ಚಿಯಲ್ಲಿ ಕೂತು, ಬಟ್ಟಲಿನ ನೀರಿನಲ್ಲಿ ಬಟ್ಟೆ ಅದ್ದಿ, ಹೆಸ್ಟರಳ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ಮುರಿದ ಬೆರಳು ಊದಿ ನೀಲಿಗಟ್ಟಿತ್ತು. ಅದರ ಹತ್ತಿರ ಬಂದಾಗ, ಮಗುವಿನ ಕೈ ಒರೆಸುವಂತೆ, ಉಸಿರು ಬಿಗಿಹಿಡಿದು ಒರೆಸುತ್ತಿದ್ದಳು.

ಅವನು ಮೊದಲು ನಿಮ್ಮ ಮೈಮೇಲೆ ಬಂದ ಅಂತ ಇವರು ಹೇಳುತ್ತಿದ್ದಾರೆ, ಸರಿಯಾ ಎಂದು ಪ್ರೀಸ್ ಕೇಳಿದಳು. ಹೌದು ಅಂದರೆ ಸಾಕಾಗಿತ್ತು. ಪ್ರೀಸಳ ಪೆನ್ನು ಆ ಪದದ ಮೊದಲ ಅಕ್ಷರಕ್ಕೆ ಆಗಲೇ ಬಗ್ಗಿತ್ತು.

"ಬಂದ," ಅಂದಳು ಡಿಲಿಸ್. "ನಾನೇ ಕಣ್ಣಾರೆ ನೋಡಿದ್ದು. ಗೋಡೆಗೆ ಒತ್ತಿ ಹಿಡಿದಿದ್ದ ಇವಳನ್ನ. ಕುತ್ತಿಗೇಗೇ ಕೈಹಾಕಿದ್ದ, ಅವತ್ತಿನ ಹಾಗೇ. ಮತ್ತೇನು ಮಾಡ್ಬೇಕಿತ್ತು ಇವಳು?"

ಎಷ್ಟು ಸರಾಗವಾಗಿ ಬಂತು. ಒಂದು ತೊದಲಿಲ್ಲ. ಸುಳ್ಳೆಂದರೆ ಏನೆಂದೇ ಗೊತ್ತಿಲ್ಲದ ಡಿಲಿಸ್, ಬೀದಿಯಲ್ಲಿ ಸಿಕ್ಕ ಕೈಚೀಲವನ್ನು ಎರಡು ಮೈಲಿ ನಡೆದು ಮುಟ್ಟಿಸಿ ಬಂದ ಡಿಲಿಸ್. ಅವಳ ಬಾಯಲ್ಲಿ ತನ್ನ ಸುಳ್ಳು ಮರಿಹಾಕಿರುವುದನ್ನು ಹೆಸ್ಟರ್ ನೋಡಿದಳು. ಇನ್ನು ಇದು ಹೀಗೆಯೇ ಬೆಳೆಯುತ್ತದೆ. ಕಾವಲಿನವನು ಇದನ್ನೇ ಹೇಳುತ್ತಾನೆ, ಹಣ್ಣಿನವಳು ಇದನ್ನೇ ಹೇಳುತ್ತಾಳೆ, ಊರಿಗೆ ಊರೇ ಕಣ್ಣಾರೆ ನೋಡಿರುತ್ತದೆ. ಮುಂದಿನ ಮಾರ್ಚಿನಲ್ಲಿ ಕಾರು ಬರುತ್ತದೆ. ಗೋರಿಯ ಹತ್ತಿರ ಈ ಅಗಲ ಕೈ ತನ್ನ ತೋಳು ಹಿಡಿಯುತ್ತದೆ. ಬೆಚ್ಚಗಿರುತ್ತದೆ.

"ಅವನು ನನ್ನ ಮುಟ್ಟಲಿಲ್ಲ," ಅಂದಳು ಹೆಸ್ಟರ್. "ಡಿಲಿಸ್‌ಗೆ ಏನೂ ಕಂಡಿಲ್ಲ. ಮಧ್ಯ ಕಂಬ ಇದೆ. ಅವನು ಕೈ ಎತ್ತಲೇ ಇಲ್ಲ."

ಪ್ರೀಸ್ ತಾಳ್ಮೆಯಿಂದ ಪೆನ್ನು ಕೆಳಗಿಟ್ಟಳು. ನಿಮಗೆ ಆಘಾತ ಆಗಿದೆ, ಟೀ ಕುಡಿಯಿರಿ, ಇದನ್ನೆಲ್ಲ ನಾಳೆ ಬರೆದುಕೊಂಡರೂ ಆಗುತ್ತದೆ ಅಂದಳು. ಡಿಲಿಸ್, ನೋಡಿ, ಮಾತೇ ಹೇಗೆ ಬರ್ತಿದೆ ಎಂದು ಬಟ್ಟೆ ಹಿಂಡಿದಳು. ಬಟ್ಟಲಿನ ನೀರು ತಿಳಿಗೆಂಪಾಗಿತ್ತು.

"ಅವತ್ತೂ ಚಾಕು ಇರಲಿಲ್ಲ."

"ಯಾವತ್ತು, ಮೇಡಂ?"

"ಅಂಗಡಿಗೆ ಬಂದಿದ್ನಲ್ಲ, ಅವತ್ತು. ಕೈಯಲ್ಲಿ ಟೋಪಿ ಇತ್ತು, ಅಷ್ಟೇ. ರೋ ಎಲ್ಲಿದ್ದಾಳೆ ಅಂತ ಕೇಳ್ದ. ನಾನು ಹೇಳ್ದೆ. ಒಡ್ಡಿನ ಪಕ್ಕದ ಮನೆ, ಹಸಿರು ಬಾಗಿಲು, ಹೋಗಿ ಏನು ಇದ್ರೂ ನೀವಿಬ್ಬರೇ ಬಗೆಹರಿಸ್ಕೊಳ್ಳಿ, ನನಗೆ ಸಾಕಾಗಿದೆ ಅಂದೆ. ಕುತ್ತಿಗೆ ಮೇಲಿನ ಗೀರು ನಾನೇ ಬಚ್ಚಲಲ್ಲಿ ಉಗುರಲ್ಲಿ ಎಳ್ಕೊಂಡಿದ್ದು."

ಒರೆಸುತ್ತಿದ್ದ ಬಟ್ಟೆ ನಿಂತಿತು. ಡಿಲಿಸಳ ಮುಖವನ್ನು ನೋಡಬೇಕಾಗಿತ್ತು, ಹೆಸ್ಟರಳಿಗೆ ನೋಡಲಾಗಲಿಲ್ಲ; ಮೇಜಿನ ಮೇಲಿದ್ದ ಅವಳ ಅಗಲವಾದ, ಹೂವಿನ ಕಾಂಡದ ಹಸಿರು ಹತ್ತಿದ ಕೈಯನ್ನು ಮಾತ್ರ ನೋಡಿದಳು. ಆ ಕೈ ಮೆಲ್ಲಗೆ ತನ್ನ ಬೆರಳುಗಳ ಸುತ್ತ ಮುಚ್ಚಿಕೊಂಡಿತು. ಸಮಾಧಾನಕ್ಕೆ ಹಿಡಿಯುವಂತೆಯೇ ಹಿಡಿಯಿತು ಮೊದಲು. ಆಮೇಲೆ ಬಿಗಿಯಿತು. ಇನ್ನೂ ಬಿಗಿಯಿತು. ಮುರಿದ ಬೆರಳಿನೊಳಗೆ ಮೂಳೆಯ ತುದಿ ಮೂಳೆಯ ತುದಿಗೆ ಉಜ್ಜಿ ಸರಿಯಿತು, ಮೊದಲು ಇಲ್ಲದ ನೋವೆಲ್ಲ ಒಟ್ಟಿಗೆ ಭುಜದವರೆಗೆ ಏರಿ ಕಣ್ಣು ಕತ್ತಲಿಟ್ಟಿತು. ಪ್ರೀಸಳಿಗೆ ಇದು ಕಾಣುತ್ತಿರಲಿಲ್ಲ, ಅವಳು ಪುಸ್ತಕದಲ್ಲಿ ಹೊಸ ಹಾಳೆ ತಿರುಗಿಸಿ ಬಗ್ಗಿದ್ದಳು. ಅವಳ ದನಿಯಿಂದ ಕನಿಕರ ಹೋಗಿತ್ತು.

"ಅವನು ಹೋದ ಮೇಲೆ ನೀವೇನು ಮಾಡಿದ್ರಿ?"

ಹೆಸ್ಟರ್ ಕೈ ಬಿಡಿಸಿಕೊಳ್ಳಲಿಲ್ಲ.

"ಫೋನು ಪಕ್ಕದಲ್ಲೇ ಇತ್ತು," ಅಂದಳು. "ಆ ಮನೆ ನಂಬರೂ ಗೊತ್ತಿತ್ತು. ನಡ್ಕೊಂಡು ಹೋದ್ರೆ ಅವನಿಗೆ ಇಪ್ಪತ್ತು ನಿಮಿಷ ಬೇಕು ಅಂತಾನೂ ಗೊತ್ತಿತ್ತು. ನಾನು ಗುಂಡಿ ಜೋಡಿಸ್ತಾ ಕೂತಿದ್ದೆ."